ದಾವಣಗೆರೆಯ ಗಿರಣಿ ಮಾಲೀಕರಿಗೊಂದು ಬಹಿರಂಗ ಪತ್ರ: ಆಸ್ಪತ್ರೆಯಲ್ಲಿ ನಾನು ಬರೆಸಿದ ಸುಳ್ಳು

ದಾವಣಗೆರೆ ಜಿಲ್ಲೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಮೆಕ್ಕೆಜೋಳದ ಗೋದಾಮು ನಡೆಸುವ ಬಂಧುಗಳಿಗೆ, ಹಾಗೆಯೇ ನಮ್ಮ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹರಿಹರ ರಸ್ತೆಯ ಕಡೆ ಒಂದು ಸಣ್ಣ ಅಕ್ಕಿ ಗಿರಣಿ ನಡೆಸುತ್ತೇನೆ. ಅಪ್ಪನ ಕಾಲದ ಗಿರಣಿ. ನಿಮ್ಮಲ್ಲಿ ಅನೇಕರು ನನಗೆ ಗೊತ್ತು. ಎಪಿಎಂಸಿಯಲ್ಲಿ ಸಿಗುತ್ತೇವೆ, ಮದುವೆ ಮನೆಗಳಲ್ಲಿ ಸಿಗುತ್ತೇವೆ, ಭತ್ತದ ರೇಟು ಮಾತಾಡುತ್ತೇವೆ. ಗಿರಣಿಯಲ್ಲಿ ಕೈ ಕಳೆದುಕೊಂಡವರ ಬಗ್ಗೆ ಮಾತ್ರ ಮಾತಾಡುವುದಿಲ್ಲ. ಮಾತಾಡಿದರೂ ದನಿ ತಗ್ಗಿಸಿ ಮಾತಾಡುತ್ತೇವೆ. ನನ್ನ ಗಿರಣಿಯಲ್ಲಿ ಆದದ್ದನ್ನು ಇವತ್ತು ಎಲ್ಲರ ಎದುರು ಹೇಳಬೇಕು ಅನ್ನಿಸಿತು. ಆ ಕೆಲಸಗಾರನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾನೆ.

2021ರ ನವೆಂಬರ್. ಭದ್ರಾ ನಾಲೆ ಕಡೆಯ ಹೊಸ ಭತ್ತ ಬರುತ್ತಿದ್ದ ಕಾಲ. ರಾತ್ರಿ ಪಾಳಿ ನಡೆಯುತ್ತಿತ್ತು. ಲೋಡು ಜಾಸ್ತಿಯಾಗಿ ಬೆಲ್ಟ್ ಜಾರುತ್ತಿತ್ತು. ಬೆಲ್ಟ್ ಜಾರಿದರೆ ನಾವೆಲ್ಲ ಏನು ಮಾಡುತ್ತೇವೆ ಅಂತ ನಿಮಗೆ ಗೊತ್ತು. ಓಡುತ್ತಿರುವಾಗಲೇ ರಾಳದ ಪುಡಿ ಹಾಕುತ್ತೇವೆ. ನಮ್ಮಪ್ಪ ಹಾಕುತ್ತಿದ್ದರು, ನಾನೂ ಹಾಕಿದ್ದೇನೆ. ಬೆಲ್ಟ್ ಓಡುವ ಚಕ್ರಕ್ಕೆ, ಅಂದರೆ ಪುಲ್ಲಿಗೆ, ಕೈ ಸಿಗದ ಹಾಗೆ ಒಂದು ಜಾಲರಿ ಇತ್ತು. ಎರಡು ತಿಂಗಳ ಹಿಂದೆ ಬೆಲ್ಟ್ ಬದಲಿಸುವಾಗ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದೆವು. ಪದೇ ಪದೇ ಬಿಚ್ಚಬೇಕಲ್ಲ ಅಂತ ವಾಪಸ್ ಹಾಕಿರಲಿಲ್ಲ. ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ.

ಆತನ ಹೆಗಲ ಮೇಲಿದ್ದ ಟವೆಲ್ಲಿನ ತುದಿ ಮೊದಲು ಸಿಕ್ಕಿತು. ಅದನ್ನು ಎಳೆದುಕೊಳ್ಳಲು ಕೈ ಹಾಕಿದ. ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳು ಉಳಿಯಿತು. ವಯಸ್ಸು 32. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ.

ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ದಾರಿಯಲ್ಲೇ ಒಬ್ಬ ಹಿರಿಯ ಮಾಲೀಕರಿಗೆ ಫೋನ್ ಮಾಡಿದೆ. ನನಗೆ ಒಳ್ಳೆಯದಾಗಲಿ ಅಂತಲೇ ಅವರು ಹೇಳಿದರು: 'ಗಿರಣಿ ಅಂತ ಬರೆಸಬೇಡಪ್ಪ. ಪೊಲೀಸ್ ಕೇಸ್ ಆಗುತ್ತೆ. ಇಲಾಖೆಯವರು ಬಂದು ಕೂರ್ತಾರೆ. ಸೀಸನ್ ಹಾಳಾಗುತ್ತೆ.' ಡಾಕ್ಟರು ಹೇಗಾಯಿತು ಅಂತ ಕೇಳಿದಾಗ ನಾನೇ ಮುಂದೆ ಬಂದು, ಮನೆಯಲ್ಲಿ ಮೇವು ಕತ್ತರಿಸುವ ಮಷಿನ್‌ಗೆ ಕೈ ಸಿಕ್ಕಿತು ಅಂದೆ. ಡಾಕ್ಟರು ಆತನ ಮುಖ ನೋಡಿದರು. ಆತ ಆ ನೋವಿನಲ್ಲೂ 'ಹೌದು ಸರ್, ಸಾವ್ಕಾರ್ರು ಹೇಳಿದಂಗೆ' ಅಂದ. ಹಾಗೆಯೇ ಬರೆದುಕೊಂಡರು.

ಆ ಒಂದು ಸಾಲು ಆಮೇಲೆ ಏನೇನು ಮಾಡಿತು ಅನ್ನುವುದಕ್ಕೇ ಈ ಪತ್ರ.

ನನ್ನ ಹತ್ತಿರ ವಿಮೆ ಇತ್ತು. ಕೆಲಸಗಾರರ ಪರಿಹಾರದ ಪಾಲಿಸಿ. ಪ್ರತಿ ವರ್ಷ ಕಟ್ಟುತ್ತಿದ್ದೆ. ಆದರೆ ಎರಡು ತಪ್ಪು ಮಾಡಿದ್ದೆ. ಗಿರಣಿಯಲ್ಲಿ ಹಮಾಲರೂ ಸೇರಿ 9 ಜನ ದುಡಿಯುತ್ತಿದ್ದರು, ಪಾಲಿಸಿಯಲ್ಲಿ 5 ಜನ ಅಂತ ತೋರಿಸಿದ್ದೆ. ಸಂಬಳ ತಿಂಗಳಿಗೆ 13,000 ರೂಪಾಯಿ ಕೊಡುತ್ತಿದ್ದೆ, ಪಾಲಿಸಿಯಲ್ಲಿ 8,000 ಅಂತ ಬರೆಸಿದ್ದೆ. ಈ ಪಾಲಿಸಿಯ ಪ್ರೀಮಿಯಂ ನಾವು ತೋರಿಸುವ ಒಟ್ಟು ಸಂಬಳದ ಮೇಲೆ, ಕೆಲಸ ಎಂಥದ್ದು ಅನ್ನುವುದರ ಮೇಲೆ ನಿಲ್ಲುತ್ತದೆ. ಕಡಿಮೆ ತೋರಿಸಿದರೆ ಕಡಿಮೆ ಕಟ್ಟಬಹುದು. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಅದೂ ಸಾಲದು ಅಂತ ಅಪಘಾತದ ವಿಷಯ ಕಂಪನಿಗೆ ತಿಳಿಸಲೇ ಇಲ್ಲ. ತಿಳಿಸುವುದಾದರೂ ಹೇಗೆ? ಆಸ್ಪತ್ರೆ ದಾಖಲೆಯಲ್ಲಿ ಮೇವಿನ ಮಷಿನ್ ಇತ್ತು.

ಇಪ್ಪತ್ತು ದಿನ ಕಳೆದ ಮೇಲೆ ಅವರ ಊರಿನ ಹಿರಿಯರನ್ನು ಕೂರಿಸಿಕೊಂಡು ರಾಜಿ ಮಾಡಿದೆವು. ಆಸ್ಪತ್ರೆ ಖರ್ಚು ನಾನೇ ನೋಡಿಕೊಂಡಿದ್ದೆ. ಅದರ ಮೇಲೆ 1,50,000 ರೂಪಾಯಿ ಕೊಟ್ಟೆ. ಛಾಪಾ ಕಾಗದದಲ್ಲಿ 'ಮುಂದೆ ಯಾವ ತಕರಾರೂ ಇರುವುದಿಲ್ಲ' ಅಂತ ಬರೆಸಿ, ಎಡಗೈ ಹೆಬ್ಬೆಟ್ಟು ಒತ್ತಿಸಿದೆವು. ಆತ ಓದು ಬರಹ ಬಲ್ಲವನು. ಸಹಿ ಮಾಡಲು ಬಲಗೈ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ಅದು ಹೊಳೆಯಲೂ ಇಲ್ಲ.

ಎಂಟು ತಿಂಗಳ ಮೇಲೆ ನೋಟಿಸ್ ಬಂತು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ದುಡ್ಡು ತಗೊಂಡು ಮತ್ತೆ ಕೇಸ್ ಹಾಕಿದ್ದಾನಲ್ಲ ಅಂತ ವಕೀಲರ ಹತ್ತಿರ ಹೋದೆ. ವಕೀಲರು ಛಾಪಾ ಕಾಗದ ಓದಿ ಪಕ್ಕಕ್ಕಿಟ್ಟರು. 1923ರ ಕೆಲಸಗಾರರ ಪರಿಹಾರ ಕಾಯ್ದೆ ತೆರೆದು ಒಂದೊಂದಾಗಿ ತೋರಿಸಿದರು. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಅಂತ ಕೆಲಸಗಾರ ಬರೆದುಕೊಟ್ಟರೂ ಅದಕ್ಕೆ ಬೆಲೆ ಇಲ್ಲ. ರಾಜಿ ಮಾಡಿಕೊಳ್ಳಬಹುದು, ಆದರೆ ಅದರ ಪ್ರತಿಯನ್ನು ಇಂಥ ಕೇಸುಗಳನ್ನು ತೀರ್ಮಾನಿಸುವ ಪರಿಹಾರ ಆಯುಕ್ತರಿಗೆ ಕಳಿಸಿ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಅಂತ ಕಂಡರೆ ಆಯುಕ್ತರು ನೋಂದಣಿಗೆ ಒಪ್ಪದೇ ಇರಬಹುದು. ನೋಂದಾಯಿಸದೇ ಹೋದರೆ ಪೂರ್ತಿ ಪರಿಹಾರ ಕೊಡಬೇಕು. ಆಗಲೇ ಕೊಟ್ಟಿರುವ ದುಡ್ಡಿನಲ್ಲಿ ಆಯುಕ್ತರು ಬೇರೆ ಹೇಳದಿದ್ದರೆ ಅರ್ಧಕ್ಕಿಂತ ಜಾಸ್ತಿ ಮುರಿದುಕೊಳ್ಳುವ ಹಾಗಿಲ್ಲ. ನನ್ನ 1,50,000ದಲ್ಲಿ 75,000 ಮಾತ್ರ ಲೆಕ್ಕಕ್ಕೆ ಬಂತು.

ಇನ್ನು ಪೂರ್ತಿ ಪರಿಹಾರ ಎಷ್ಟು? ಇದನ್ನು ನಮ್ಮಲ್ಲಿ ಬಹಳ ಜನ 'ಜಡ್ಜ್ ಏನು ಬರೀತಾರೋ' ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸುಮಾರು ಮಟ್ಟಿಗೆ ನಮ್ಮ ಕ್ಯಾಲ್ಕುಲೇಟರ್‌ನಲ್ಲೇ ಮಾಡುವ ಲೆಕ್ಕ. ಪೂರ್ತಿ ದುಡಿಯಲಾರದ ಹಾಗಾದರೆ ತಿಂಗಳ ಸಂಬಳದಲ್ಲಿ ನೂರಕ್ಕೆ 60 ಭಾಗವನ್ನು ವಯಸ್ಸಿನ ಒಂದು ಅಂಕಿಯಿಂದ ಗುಣಿಸಬೇಕು. ಆ ಅಂಕಿಗಳ ಪಟ್ಟಿ ಕಾಯ್ದೆಯಲ್ಲೇ ಇದೆ. 32 ವಯಸ್ಸಿಗೆ 203.85. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರ ಜನವರಿ 3ರಿಂದ 8,000ದಿಂದ 15,000ಕ್ಕೆ ಏರಿಸಿದ್ದಾರೆ. ನನ್ನ ಕೆಲಸಗಾರನ 13,000ದ 60 ಭಾಗ ಅಂದರೆ 7,800. ಗುಣಿಸಿದರೆ 15,90,030. ಒಂದು ಕೈಯ ನಾಲ್ಕು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ 50 ಭಾಗ ನಷ್ಟ ಅಂತ ಕಾಯ್ದೆಯ ಪಟ್ಟಿ ಹೇಳುತ್ತದೆ. ಹಾಗಾಗಿ 7,95,015 ರೂಪಾಯಿ. ಹೆಬ್ಬೆರಳು ಒಂದೇ ಹೋದರೂ 30 ಭಾಗ. ಸಾವಾದರೆ ಸಂಬಳದ 50 ಭಾಗವನ್ನು ಗುಣಿಸುತ್ತಾರೆ. 15,000 ಸಂಬಳದ, 30 ವಯಸ್ಸಿನ ಆಳು ತೀರಿಕೊಂಡರೆ 15,59,850 ರೂಪಾಯಿ ಆಗುತ್ತದೆ. ನಾವು ಹಿರಿಯರನ್ನು ಕೂರಿಸಿ ಒಂದು, ಎರಡು ಲಕ್ಷಕ್ಕೆ ಮುಗಿಸುವ ರಾಜಿಗಳನ್ನು ಈ ಅಂಕಿಯ ಪಕ್ಕ ಇಟ್ಟು ನೋಡಿ.

ಅದರ ಮೇಲೆ ಬಡ್ಡಿ. ಅಪಘಾತವಾದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಭಾಗ. ನನ್ನ ಮೊತ್ತಕ್ಕೆ ವರ್ಷಕ್ಕೆ 95,000 ದಾಟಿತು. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೂ ದಂಡ ಹಾಕಬಹುದು. ದಂಡದಿಂದ ನಾನು ಪಾರಾದೆ. 2024ರ ಆರಂಭದಲ್ಲಿ ಆದೇಶ ಬಂದಾಗ ಬಡ್ಡಿಯೇ ಹತ್ತಿರತ್ತಿರ ಎರಡು ಲಕ್ಷ ಆಗಿತ್ತು. 75,000 ಕಳೆದು ಒಂಬತ್ತು ಲಕ್ಷಕ್ಕೂ ಜಾಸ್ತಿ ಕಟ್ಟಿದೆ. ವಿಮಾ ಕಂಪನಿಯವರು ಆಸ್ಪತ್ರೆಯ ಆ ಚೀಟಿ ತೋರಿಸಿ, ತಮಗೆ ಅಪಘಾತ ತಿಳಿಸಿಯೇ ಇಲ್ಲ ಅಂದು ಹೊರಗುಳಿದರು. ಅವರನ್ನು ನಾನು ದೂರುವ ಹಾಗಿಲ್ಲ. ಚೀಟಿಯಲ್ಲಿ ಇದ್ದದ್ದು ನನ್ನ ಮಾತು.

ದುಡ್ಡು ಹೋದದ್ದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಬೇರೆ. ಆ ಎರಡು ವರ್ಷ ಅವರ ಮನೆ ಹೇಗೆ ನಡೆಯಿತು? ಆತನ ಹೆಂಡತಿ ಮಂಡಕ್ಕಿ ಭಟ್ಟಿಗೆ ಹೋಗಲು ಶುರು ಮಾಡಿದ್ದರು. ದೊಡ್ಡ ಮಗ ಒಂದು ವರ್ಷ ಶಾಲೆ ಬಿಟ್ಟಿದ್ದ. ಸಾಕ್ಷಿ ಹೇಳುವ ದಿನ ಆತ ಎಡಗೈಯಲ್ಲಿ ಫೈಲು ಹಿಡಿದುಕೊಂಡು ಬಂದು, ನನ್ನನ್ನು ಕಂಡು ಅಭ್ಯಾಸ ಬಲದಿಂದ ಎದ್ದು ನಿಂತ. ನಾನು ತಲೆ ಎತ್ತಲಿಲ್ಲ.

ನಾನು ಸತ್ಯ ಬರೆಸಿದ್ದರೆ ಏನಾಗುತ್ತಿತ್ತು? ಬಹುಶಃ ಪೊಲೀಸರು ಬರುತ್ತಿದ್ದರು. ಜಾಲರಿ ಯಾಕೆ ಇಲ್ಲ ಅಂತ ಕೇಳುತ್ತಿದ್ದರು. ಅದಕ್ಕೆ ನಾನು ಉತ್ತರ ಕೊಡಲೇಬೇಕಿತ್ತು, ಅಲ್ವಾ? ಜನರನ್ನೂ ಸಂಬಳವನ್ನೂ ಸರಿಯಾಗಿ ತೋರಿಸಿ, ಮರುದಿನವೇ ವಿಮಾ ಕಂಪನಿಗೆ ಬರೆದುಕೊಟ್ಟಿದ್ದರೆ ಪರಿಹಾರ ಅವರಿಂದಲೇ ಬರುತ್ತಿತ್ತು. ಬಡ್ಡಿ ಬೆಳೆಯುತ್ತಿರಲಿಲ್ಲ. ಬಡ್ಡಿ, ದಂಡಗಳನ್ನು ಸಾಮಾನ್ಯವಾಗಿ ಪಾಲಿಸಿ ಹೊರುವುದಿಲ್ಲ ಅನ್ನುವುದನ್ನೂ ನೆನಪಿಡಿ. ತಡ ಮಾಡಿದ್ದರ ಭಾರ ನಮ್ಮ ಮೇಲೇ ಬೀಳುತ್ತದೆ. ಆಸ್ಪತ್ರೆ ಖರ್ಚು ಸೇರುತ್ತದೆಯೇ ಅಂತಲೂ ಪಾಲಿಸಿ ಮಾಡಿಸುವಾಗಲೇ ಕೇಳಿ. ಸುಮಾರು ಪಾಲಿಸಿಗಳಲ್ಲಿ ಅದಕ್ಕೆ ಬೇರೆ ಕಟ್ಟಬೇಕು. ಕಾನೂನಿನಲ್ಲಿ ಮಾತ್ರ ಚಿಕಿತ್ಸೆಯ ನಿಜವಾದ ಖರ್ಚು ಮಾಲೀಕನದ್ದೇ.

ಈಗ ಕಾನೂನಿನ ಹೆಸರು ಬದಲಾಗಿದೆ. 2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೆಯದು ಹೋಯಿತು, ಇನ್ನು ಭಯವಿಲ್ಲ ಅಂತ ಒಬ್ಬರು ಮೊನ್ನೆ ನನಗೇ ಹೇಳಿದರು. ಹಾಗಲ್ಲ. ಮಾಲೀಕನ ಹೊಣೆ ಹಾಗೆಯೇ ಇದೆ. ಜೊತೆಗೆ ಕೆಲಸಗಾರ ಮನೆಯಿಂದ ಗಿರಣಿಗೆ ಬರುವಾಗ, ಗಿರಣಿಯಿಂದ ಮನೆಗೆ ಹೋಗುವಾಗ ಆದ ಅಪಘಾತಕ್ಕೂ, ಕೆಲಸಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಕಂಡರೆ, ಹೊಣೆ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಬೈಕ್ ಓಡಿಸುವ ಹುಡುಗರು ನಮ್ಮೆಲ್ಲರ ಹತ್ತಿರ ಇದ್ದಾರೆ.

ಇಎಸ್‌ಐ, ಅಂದರೆ ಸರ್ಕಾರದ ನೌಕರರ ರಾಜ್ಯ ವಿಮೆಯ ವಿಷಯಕ್ಕೆ ಬರುತ್ತೇನೆ. 10 ಜನ ಆದರೆ ಇಎಸ್‌ಐ ಬರುತ್ತದೆ ಅಂತ 9ಕ್ಕೇ ನಿಲ್ಲಿಸುವವರು, ಒಂದೇ ಗಿರಣಿಯನ್ನು ಕಾಗದದ ಮೇಲೆ ಎರಡು ಮಾಡುವವರು ನಮ್ಮಲ್ಲಿ ಇದ್ದಾರೆ. ನನ್ನ ಗಿರಣಿಯಲ್ಲಿ ಈಗಿರುವ 13 ಜನರನ್ನೂ ಇದಕ್ಕೆ ಸೇರಿಸಿದ್ದೇನೆ. ಲೆಕ್ಕ ಹೇಳುತ್ತೇನೆ, ನೀವೇ ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇದರಲ್ಲಿ ಬರುತ್ತಾರೆ. ನಾವು ನೂರಕ್ಕೆ 3.25 ಕಟ್ಟುತ್ತೇವೆ, ಅವರು 0.75 ಕಟ್ಟುತ್ತಾರೆ. 2019ರ ಜುಲೈಗೆ ಮೊದಲು ನಮ್ಮ ಪಾಲು 4.75 ಇತ್ತು, ಅದನ್ನೇ ಇಳಿಸಿದ್ದಾರೆ. 14,000 ಸಂಬಳಕ್ಕೆ ನನ್ನ ಪಾಲು 455 ರೂಪಾಯಿ, ಅವರದ್ದು 105. 13 ಜನಕ್ಕೆ ತಿಂಗಳಿಗೆ 5,915 ರೂಪಾಯಿ. ನಾನು ವರ್ಷದ ಸರಾಸರಿಯಲ್ಲಿ ತಿಂಗಳಿಗೆ 1,500 ಕ್ವಿಂಟಾಲ್ ಭತ್ತ ಮಾಡುತ್ತೇನೆ. ಕ್ವಿಂಟಾಲಿಗೆ ನಾಲ್ಕು ರೂಪಾಯಿ ಬೀಳುತ್ತದೆ. ಗೋಣಿಚೀಲದ ರೇಟಿನಲ್ಲಿ ಇದಕ್ಕಿಂತ ದೊಡ್ಡ ಏರಿಳಿತ ನೋಡುತ್ತೇವೆ. ನಾನು ಆ ಒಂದು ಕೈಗೆ ಕಟ್ಟಬೇಕಾದ 7,95,015 ರೂಪಾಯಿಯಲ್ಲಿ ಈ ಕಂತನ್ನು ಹನ್ನೊಂದು ವರ್ಷ ಕಟ್ಟಬಹುದಿತ್ತು.

ಈ ದುಡ್ಡಿಗೆ ಏನು ಸಿಗುತ್ತದೆ? ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆ. ನಮ್ಮೂರಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಮನೆಯಲ್ಲಿರುವಷ್ಟು ದಿನ ಸಂಬಳದ ಸುಮಾರು 90 ಭಾಗ. ಅಂಗ ಹೋದರೆ ಎಷ್ಟು ಭಾಗ ನಷ್ಟವೋ ಅಷ್ಟಕ್ಕೆ ಬದುಕಿರುವವರೆಗೂ ತಿಂಗಳು ತಿಂಗಳು ಹಣ. ತೀರಿಕೊಂಡರೆ ಮನೆಯವರಿಗೆ ಪಿಂಚಣಿ. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನುವ ಷರತ್ತೂ ಇಲ್ಲ. ಸೇರಿದ ದಿನವೇ ಗಾಯವಾದರೂ ಸಿಗುತ್ತದೆ. ಆದರೆ ಅಪಘಾತ ಆದ ಮೇಲೆ ಓಡಿಹೋಗಿ ಹೆಸರು ಸೇರಿಸುವವರಿಗೆ ಒಂದು ಮಾತು. ಇಎಸ್‌ಐ ನಿಗಮ ಕೆಲಸಗಾರನಿಗೆ ಕೊಟ್ಟು, ಆಮೇಲೆ ಆ ಮೊತ್ತವನ್ನು ನಮ್ಮಿಂದ ವಸೂಲಿ ಮಾಡಬಹುದು. 10ಕ್ಕಿಂತ ಕಡಿಮೆ ಜನ ಇರುವ ಮಂಡಕ್ಕಿ ಭಟ್ಟಿಯವರು ಕೆಲಸಗಾರರ ಒಪ್ಪಿಗೆ ಪಡೆದು ತಾವಾಗಿಯೇ ಸೇರಲು ಹೊಸ ಸಂಹಿತೆಯಲ್ಲಿ ದಾರಿ ಇದೆ. ಸೇರದಿದ್ದರೆ ಪಾಲಿಸಿಯನ್ನಾದರೂ ಸರಿಯಾಗಿ ಮಾಡಿಸಿ.

'ಅವರು ನಮ್ಮ ಆಳಲ್ಲ, ಮೇಸ್ತ್ರಿ ಕಡೆಯವರು' ಅನ್ನುವ ಮಾತನ್ನು ನಾನೂ ಆಡಿದವನೇ. ನಮ್ಮ ಗಿರಣಿಯ ಕೆಲಸವನ್ನು ನಮ್ಮ ಜಾಗದಲ್ಲಿ ಗುತ್ತಿಗೆಯವರ ಕೈಯಲ್ಲಿ ಮಾಡಿಸಿದರೂ ಕಾನೂನು ಮೊದಲು ನಮ್ಮನ್ನೇ ಹಿಡಿಯುತ್ತದೆ. ಕೊಟ್ಟ ಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಬಹುದು, ನಿಜ. ಆದರೆ ಅಷ್ಟು ದುಡ್ಡು ಯಾವ ಮೇಸ್ತ್ರಿ ಹತ್ತಿರ ಇರುತ್ತದೆ? ಪಾಲಿಸಿ ಮಾಡಿಸುವಾಗ ಲಾರಿ ತುಂಬುವವರು, ಚೀಲದ ಅಟ್ಟಿ ಹಾಕುವವರು, ಚೀಲದ ಲೆಕ್ಕಕ್ಕೆ ದುಡಿಯುವವರು, ಎಲ್ಲರನ್ನೂ ಎಣಿಸಿ ಬರೆಸಿ. ಅಟ್ಟಿ ಕುಸಿದು ಹಮಾಲರು ಸಾಯುವುದು ನಮಗೆ ಹೊಸ ಸುದ್ದಿಯೇನಲ್ಲ. ಸುಗ್ಗಿಯಲ್ಲಿ ಊರೂರಿಗೆ ಮೆಕ್ಕೆಜೋಳದ ಒಕ್ಕಣೆ ಮಷಿನ್ ಕಳಿಸುವವರೂ ಇದನ್ನು ಓದಲಿ. ಮಷಿನ್ ಹೊಲದಲ್ಲಿದ್ದರೂ ಆಳು ನಿಮ್ಮವನೇ.

ಸಾವಾದರೆ ಇನ್ನೊಂದು ವಿಷಯ ತಿಳಿದಿರಬೇಕು. ಪರಿಹಾರವನ್ನು ಮನೆಯವರ ಕೈಗೆ ನೇರವಾಗಿ ಕೊಟ್ಟರೆ ಅದು ಪರಿಹಾರ ಕೊಟ್ಟ ಹಾಗಲ್ಲ. ಆಯುಕ್ತರ ಬಳಿ ಠೇವಣಿ ಇಡಬೇಕು. ಅವರು ಹೆಂಡತಿ, ಮಕ್ಕಳು, ತಂದೆ ತಾಯಿ ಯಾರಿಗೆಷ್ಟು ಅಂತ ಹಂಚುತ್ತಾರೆ. ತುರ್ತಿಗೆ ಅಂತ ಮೂರು ತಿಂಗಳ ಸಂಬಳದಷ್ಟನ್ನು ಮುಂಗಡ ಕೊಡಬಹುದು, ಅದು ಲೆಕ್ಕಕ್ಕೆ ಬರುತ್ತದೆ. ಇದು ಒಳ್ಳೆಯ ನಿಯಮ ಅಂತ ನನ್ನ ಅನಿಸಿಕೆ. ಹಿರಿಯರ ಕೈಗೆ ಕೊಟ್ಟ ದುಡ್ಡು ವಿಧವೆಯ ಕೈ ಸೇರುವಷ್ಟರಲ್ಲಿ ಎಷ್ಟು ಉಳಿಯುತ್ತದೆ ಅಂತ ನಾವು ನೋಡಿದ್ದೇವೆ. ಅದಕ್ಕೇ ಈಗ ಕೆಲಸಕ್ಕೆ ಸೇರಿದ ದಿನವೇ ಆಧಾರ್ ಪ್ರತಿ, ವಯಸ್ಸು, ಮನೆಯವರ ಹೆಸರು, ಊರಿನ ವಿಳಾಸ ಬರೆದಿಡುತ್ತೇನೆ. ಸಂಬಳ ಬ್ಯಾಂಕಿಗೇ ಹಾಕುತ್ತೇನೆ. ಬಿಹಾರದಿಂದ ಬಂದ ಇಬ್ಬರು ಹುಡುಗರ ಊರಿನ ಫೋನ್ ನಂಬರ್ ಕೂಡ ಇದೆ.

ಜಾಲರಿಯ ಖರ್ಚು ಹೇಳಿಬಿಡುತ್ತೇನೆ. ಎಲ್ಲ ಪುಲ್ಲಿ, ಬೆಲ್ಟ್‌ಗಳಿಗೂ ವೆಲ್ಡರ್ ಕರೆಸಿ ಹೊಸದಾಗಿ ಮಾಡಿಸಿದೆ. ಒಟ್ಟು 31,000 ರೂಪಾಯಿ ಆಯಿತು. ಬೋಲ್ಟ್ ಬದಲು ಕೀಲು ಇಡಿಸಿದೆ. ಬಾಗಿಲಿನ ಹಾಗೆ ತೆರೆಯುತ್ತದೆ, ಮುಚ್ಚುತ್ತದೆ. ಬಿಚ್ಚಿ ಗೋಡೆಗೆ ಒರಗಿಸುವ ಪ್ರಶ್ನೆಯೇ ಬರುವುದಿಲ್ಲ. ಬೆಲ್ಟ್ ಜಾರಿದರೆ ಗಿರಣಿ ನಿಲ್ಲಿಸಬೇಕು. ಫ್ಯೂಸ್ ತೆಗೆದು, ಬೆಲ್ಟ್ ಮುಟ್ಟುವವನೇ ಅದನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಇನ್ನೊಬ್ಬ ಗೊತ್ತಿಲ್ಲದೆ ಬಟನ್ ಒತ್ತಿದರೂ ಓಡುವುದಿಲ್ಲ. ಮಷಿನ್ ಹತ್ತಿರ ಟವೆಲ್, ಲುಂಗಿ ಬೇಡ. ಮೈಗಂಟುವ ಅಂಗಿ, ಪ್ಯಾಂಟ್ ನಾನೇ ಹೊಲಿಸಿಕೊಡುತ್ತೇನೆ. ಮೊದಮೊದಲು ಹುಡುಗರು ಸೆಕೆ ಅಂತ ಗೊಣಗಿದರು. ನಿಲ್ಲಿಸಿ ಶುರು ಮಾಡಲು ಹತ್ತು ಹನ್ನೆರಡು ನಿಮಿಷ ಹೋಗುತ್ತದೆ. ಹೋಗಲಿ.

'ಅವನೇ ಜಾಲರಿ ತೆಗೆದಿದ್ದ', 'ಕುಡಿದಿದ್ದ' ಅಂತ ಹೇಳಿ ತಪ್ಪಿಸಿಕೊಳ್ಳಬಹುದು ಅಂತ ಕೆಲವರು ನಂಬಿದ್ದಾರೆ. ಸಾವಾದರೆ ಅಥವಾ ಪೂರ್ತಿ ಅಂಗವಿಕಲನಾದರೆ ಆ ಮಾತು ನಡೆಯುವುದಿಲ್ಲ ಅಂತ ಕಾನೂನಿನಲ್ಲೇ ಇದೆ. ಬೇರೆ ಗಾಯಗಳಿಗೂ ಅದನ್ನು ನಾವು ಸಾಬೀತು ಮಾಡಬೇಕು.

ಇನ್ನು ಅಧಿಕಾರಿಗಳಿಗೆ.

ಸ್ವಾಮಿ, ನಾವು ಸುಳ್ಳು ಬರೆಸುವುದು ತಪ್ಪು. ಆದರೆ ಅದರ ಹಿಂದೆ ಭಯ ಇದೆ, ತಿಳಿವಳಿಕೆ ಇಲ್ಲದಿರುವುದೂ ಇದೆ. ಅಪಘಾತವಾದ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಯಾವ ಫಾರಂ ತುಂಬಬೇಕು ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಇನ್ನೊಬ್ಬ ಮಾಲೀಕರಿಗೆ ಫೋನ್ ಮಾಡಿದೆ. ಪ್ರತಿ ವರ್ಷ ಭತ್ತದ ಸೀಸನ್‌ಗೆ ಮೊದಲು, ಅಕ್ಟೋಬರ್‌ನಲ್ಲಿ, ಎಪಿಎಂಸಿ ಆವರಣದಲ್ಲೇ ಒಂದು ದಿನ ಕೂತು ಹೇಳಿಕೊಡಿ. ದಂಡದ ಪುಸ್ತಕ ಬಿಟ್ಟು ಫಾರಂಗಳನ್ನು ತನ್ನಿ. ಕೆಲಸಗಾರನಿಗೆ ಪರಿಹಾರದ ಹಕ್ಕು ಇದೆ ಅಂತ ಸೇರುವಾಗಲೇ ಬರೆದು ತಿಳಿಸಬೇಕು ಅನ್ನುವ ನಿಯಮ 2017ರಿಂದಲೂ ಇದೆ. ಆ ಒಂದು ಹಾಳೆಯನ್ನು ಸರಳ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಪ್ರತಿ ಗಿರಣಿಗೂ ಭಟ್ಟಿಗೂ ಕೊಡಿ. ಖರ್ಚು ನಾವು ಮಾಲೀಕರೇ ಸೇರಿ ಹಾಕುತ್ತೇವೆ. ಲೈಸೆನ್ಸ್ ನವೀಕರಣಕ್ಕೆ ಬಂದಾಗ ಹಮಾಲರು ಎಷ್ಟು ಜನ, ಅವರ ವಿಮೆ ಎಲ್ಲಿದೆ ಅಂತ ಒಂದು ಪ್ರಶ್ನೆ ಕೇಳಿ. ಕೇಳುವವರು ಇದ್ದಿದ್ದರೆ ನಾನು 9ನ್ನು 5 ಅಂತ ಬರೆಸಲು ಹೆದರುತ್ತಿದ್ದೆ.

ಆದೇಶ ಬಂದು ದುಡ್ಡು ಕಟ್ಟಿದ ಮೇಲೆ ನಾನು ಆತನ ಮನೆಗೆ ಹೋದೆ. ಹೋಗಲು ಎರಡು ವಾರ ಹಿಡಿಯಿತು. ಆತನ ತಾಯಿ ಚಹಾ ಕೊಟ್ಟರು. ಕೆಲಸಕ್ಕೆ ಬರುತ್ತೀಯಾ ಅಂತ ಕೇಳಿದೆ. 'ಈ ಕೈಯಲ್ಲಿ ಏನು ಮಾಡ್ಲಿ ಸಾವ್ಕಾರ್ರೆ' ಅಂದ. ಕಾಟಾ ಹತ್ತಿರ ತೂಕ ಬರೆಯುವ ಕೆಲಸ ಇತ್ತು. ಎಡಗೈಯಲ್ಲಿ ಬರೆಯುವುದನ್ನು ಅಷ್ಟರಲ್ಲಿ ಕಲಿತಿದ್ದ, ಮಗಳ ಸ್ಲೇಟಿನ ಮೇಲೆ. ಸಂಬಳ ಮೊದಲಿನದ್ದಕ್ಕಿಂತ ಕಡಿಮೆ ಮಾಡಿಲ್ಲ. ಕೆಲಸ ಕೊಟ್ಟಿದ್ದೇನೆ ಅಂತ ಪರಿಹಾರವನ್ನು ವಾಪಸ್ ಕೇಳುವ ಹಾಗಿಲ್ಲ, ಕೇಳಲೂ ಬಾರದು. ಎರಡೂ ಬೇರೆ ಬೇರೆ. ಈಗ ನಮ್ಮಲ್ಲಿ ಹೊಸ ಹುಡುಗರು ಬಂದರೆ ಜಾಲರಿ, ಫ್ಯೂಸ್ ವಿಷಯ ಹೇಳಿಕೊಡುವುದು ಆತನೇ. ನಾನು ಹೇಳಿದರೆ ತಲೆ ಆಡಿಸುತ್ತಾರೆ, ಆತ ಹೇಳಿದರೆ ಕೇಳುತ್ತಾರೆ.

ಮಾಲೀಕ ಬಂಧುಗಳೇ, ಕೀಲಿನ ಜಾಲರಿ ಹೇಗೆ ಮಾಡಿಸಿದ್ದೇನೆ ಅಂತ ನೋಡಬೇಕಿದ್ದರೆ ಬನ್ನಿ. ವೆಲ್ಡರ್ ನಂಬರ್ ಕೊಡುತ್ತೇನೆ. ಹಾಜರಿ ಪುಸ್ತಕ, ಇಎಸ್‌ಐ ಚಲನ್, ಹಳೆಯ ಪಾಲಿಸಿ, ಆ ಛಾಪಾ ಕಾಗದ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಯಾರು ಬೇಕಾದರೂ ತೆರೆದು ನೋಡಬಹುದು. ರಾತ್ರಿ ಎಷ್ಟೊತ್ತಿಗಾದರೂ ನಿಮ್ಮ ಗಿರಣಿಯಲ್ಲಿ ಏನಾದರೂ ಆದರೆ ನನಗೆ ಫೋನ್ ಮಾಡಿ. ಆಸ್ಪತ್ರೆಗೆ ನಾನೂ ಬರುತ್ತೇನೆ, ಡಾಕ್ಟರ ಹತ್ತಿರ ಆದದ್ದನ್ನು ಆದ ಹಾಗೆಯೇ ಬರೆಸೋಣ.

ಇಂತಿ,
ಒಬ್ಬ ಅಕ್ಕಿ ಗಿರಣಿ ಮಾಲೀಕ
ದಾವಣಗೆರೆ